ಯುವಕ ಸಂಘಗಳ ನಿಯಮಾವಳಿ: ರೂಪಿಸುವ ಬಗೆ, ಜಾರಿಗೆ ತರುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಕೋಣಂದೂರು ಸುತ್ತಿನ ಊರುಗಳಲ್ಲಿ ಅಡಿಕೆ ಕೊಯ್ಲು ಮುಗಿದು, ಜನರ ಕೈಯಲ್ಲಿ ಒಂದಿಷ್ಟು ಬಿಡುವೂ ಒಂದಿಷ್ಟು ಹಣವೂ ಇರುವ ದಿನಗಳಲ್ಲಿ ವಾಲಿಬಾಲ್, ಕಬಡ್ಡಿ, ಕ್ರಿಕೆಟ್ ಪಂದ್ಯಾವಳಿಗಳು ಒಂದರ ಬೆನ್ನಿಗೆ ಒಂದು ನಡೆಯುತ್ತವೆ. ಮಳೆಗಾಲದಲ್ಲಿ ಕೆಸರುಗದ್ದೆ ಓಟ, ಹಗ್ಗಜಗ್ಗಾಟ. ಭಾದ್ರಪದ ಬಂದರೆ ಗಣಪತಿ. ಇವನ್ನು ನಡೆಸುವುದು ಸರ್ಕಾರವೂ ಅಲ್ಲ, ಪಂಚಾಯಿತಿಯೂ ಅಲ್ಲ. ಊರಿನ ಯುವಕ ಸಂಘ, ಯುವತಿ ಮಂಡಳಿ, ಕ್ರೀಡಾ ಸಂಘಗಳು ಸಂಬಳವಿಲ್ಲದೆ ನಡೆಸುತ್ತವೆ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಬಹುತೇಕ ಸದಸ್ಯರು ಇಂತಹ ಸಂಘದಿಂದಲೇ ಸಾರ್ವಜನಿಕ ಜೀವನಕ್ಕೆ ಬಂದವರಾಗಿರುತ್ತಾರೆ. ಆದುದರಿಂದ ಈ ಲೇಖನದ ವಿಷಯ ತಮಗೆ ಅಪರಿಚಿತವಲ್ಲ. ಆದರೆ ಆ ಸಂಘಗಳಿಗೆ ಬರೆದಿಟ್ಟ ನಿಯಮಗಳು ಇವೆಯೇ, ಇದ್ದರೆ ಅವು ಯಾರ ಕಪಾಟಿನಲ್ಲಿವೆ ಎಂಬ ಪ್ರಶ್ನೆಗೆ ಉತ್ತರಿಸುವುದು ಸುಲಭವಲ್ಲ.

ಒಂದು ಊಹೆಯ ಲೆಕ್ಕವನ್ನು ನೋಡೋಣ. ಒಂದು ಸಂಘವು ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಸುತ್ತದೆ. 32 ತಂಡಗಳಿಂದ ತಲಾ 1,000 ರೂಪಾಯಿ ಪ್ರವೇಶ ಶುಲ್ಕ, ಒಟ್ಟು 32,000. ಅಂಗಡಿಯವರು, ತೋಟದವರು, ಬೆಂಗಳೂರಿನಲ್ಲಿ ನೆಲೆಸಿದ ಊರಿನವರು ಕೊಟ್ಟ ದೇಣಿಗೆ 48,000. ಒಟ್ಟು ಆದಾಯ 80,000 ರೂಪಾಯಿ. ಬಹುಮಾನಕ್ಕೆ 25,000, ದೀಪ ಮತ್ತು ಶಾಮಿಯಾನಕ್ಕೆ 18,000, ಊಟಕ್ಕೆ 15,000, ತೀರ್ಪುಗಾರರಿಗೆ 6,000, ಧ್ವನಿವರ್ಧಕಕ್ಕೆ 5,000. ಒಟ್ಟು ವೆಚ್ಚ 69,000. ಉಳಿದದ್ದು 11,000 ರೂಪಾಯಿ.

ಈ 11,000 ರೂಪಾಯಿ ಎಲ್ಲಿದೆ? ದೇಣಿಗೆಗಾಗಿ ಮೈದಾನದ ಬಾಗಿಲಿನಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಖಜಾಂಚಿಯ ಸ್ವಂತ ಮೊಬೈಲ್ ಸಂಖ್ಯೆಯದ್ದಾಗಿದ್ದಲ್ಲಿ, ಹಣವು ಅವನ ಸ್ವಂತ ಖಾತೆಯಲ್ಲಿದೆ. ಅವನು ಪ್ರಾಮಾಣಿಕ ಎಂದೇ ಇಟ್ಟುಕೊಳ್ಳೋಣ. ಇಂತಹ ಹುಡುಗರು ಬಹುಪಾಲು ಪ್ರಾಮಾಣಿಕರೇ. ಮರುವರ್ಷ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಊರಿನಲ್ಲಿ ಉಳಿದವರು ಲೆಕ್ಕ ಕೇಳುತ್ತಾರೆ. ಅವನ ಬಳಿ ಚೀಟಿಗಳಿಲ್ಲ, ನೆನಪು ಮಾತ್ರ ಇದೆ. ಒಂದು ಮಾತು ಎರಡಾಗುತ್ತದೆ, ಅವನ ಮನೆಯವರ ಕಿವಿಗೆ ಬೀಳುತ್ತದೆ. ಮೂರನೆಯ ವರ್ಷ ಅದೇ ಊರಿನಲ್ಲಿ ಎರಡು ಸಂಘಗಳು, ಒಂದೇ ಮೈದಾನ, ಒಂದೇ ದಿನಾಂಕ. ಆಗ ಎರಡೂ ಗುಂಪುಗಳು ಅರ್ಜಿ ಹಿಡಿದು ಬರುವುದು ಗ್ರಾಮ ಪಂಚಾಯಿತಿಯ ಬಾಗಿಲಿಗೆ. ಕದ್ದವರು ಯಾರೂ ಇಲ್ಲ. ರಶೀದಿ ಪುಸ್ತಕವೊಂದು ಇಲ್ಲದಿದ್ದುದಕ್ಕೆ ಒಂದು ಸಂಘವೂ ಒಬ್ಬ ಒಳ್ಳೆಯ ಕಾರ್ಯಕರ್ತನೂ ಊರಿಗೆ ನಷ್ಟವಾದರು.

ನಿಯಮವೆಂದರೆ ಅಪನಂಬಿಕೆ ಎಂಬ ಭಾವನೆ ನಮ್ಮ ಊರುಗಳಲ್ಲಿದೆ. “ನಮ್ಮ ಹುಡುಗರ ಮೇಲೇ ನಂಬಿಕೆ ಇಲ್ಲವೇ?” ಎಂದು ಹಿರಿಯರು ಕೇಳುತ್ತಾರೆ. ನಿಯಮದ ಮೊದಲ ಪ್ರಯೋಜನ ದೊರೆಯುವುದು ಹಣ ಹಿಡಿದವನಿಗೇ ಎಂಬುದನ್ನು ಅವರಿಗೆ ತಿಳಿಸಬೇಕಾಗಿದೆ. ಈ ಸೀಮೆಯ ಇತಿಹಾಸದಲ್ಲಿಯೇ ಇದಕ್ಕೆ ಸಾಕ್ಷಿಯುಂಟು. 1951ರ ಕಾಗೋಡು ಸತ್ಯಾಗ್ರಹದ ಹಿಂದಿದ್ದ ವಿವಾದಗಳಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೂ ಒಂದು. ಅಳೆಯುವವರ ಕೈಯಲ್ಲಿ ಒಂದು ಅಳತೆ, ಕೊಡುವವರ ಲೆಕ್ಕದಲ್ಲಿ ಇನ್ನೊಂದು ಅಳತೆ. ಸಂಘದ ವ್ಯವಹಾರ ಅಷ್ಟು ದೊಡ್ಡದಲ್ಲದಿರಬಹುದು. ಆದರೆ ಅಳತೆ ಎಲ್ಲರಿಗೂ ಒಂದೇ ಆಗಿರಬೇಕು ಮತ್ತು ಎಲ್ಲರಿಗೂ ಕಾಣುವಂತಿರಬೇಕು ಎಂಬ ಬೇಡಿಕೆ ಅದೇ ಆಗಿದೆ.

ನೋಂದಣಿ, ಬೈಲಾ ಮತ್ತು ದಿನನಿತ್ಯದ ನಿಯಮ

ಈ ಮೂರನ್ನೂ ಒಂದೇ ಎಂದು ಭಾವಿಸುವುದರಿಂದ ಬಹಳಷ್ಟು ಗೊಂದಲ ಉಂಟಾಗುತ್ತದೆ.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಏಳು ಅಥವಾ ಹೆಚ್ಚು ಮಂದಿ ವಯಸ್ಕರು ಸೇರಿ ಸಂಘವನ್ನು ನೋಂದಾಯಿಸಬಹುದು. ಕ್ರೀಡೆಯ ಉತ್ತೇಜನವೂ ಆ ಕಾಯ್ದೆ ಒಪ್ಪುವ ಉದ್ದೇಶಗಳಲ್ಲಿ ಸೇರಿದೆ. ಸಹಕಾರ ಇಲಾಖೆಯಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳು ಇದನ್ನು ನಿರ್ವಹಿಸುತ್ತಾರೆ. ಸಂಘದ ಹೆಸರು, ವಿಳಾಸ, ಉದ್ದೇಶ ಹಾಗೂ ಆಡಳಿತ ಸಮಿತಿಯ ವಿವರವುಳ್ಳ ಜ್ಞಾಪನ ಪತ್ರ ಒಂದು. ಸದಸ್ಯತ್ವ, ಸಭೆ, ಚುನಾವಣೆ, ಲೆಕ್ಕಪತ್ರ ಕುರಿತ ನಿಯಮಗಳು ಮತ್ತೊಂದು. ಈ ಎರಡನೆಯದನ್ನೇ ನಾವು ಬೈಲಾ ಎನ್ನುತ್ತೇವೆ. ಮ್ಯಾಮ್‌ಕೋಸ್‌ನಲ್ಲಿಯೋ ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿಯೋ ಸದಸ್ಯರಾಗಿರುವ ಅಡಿಕೆ ಬೆಳೆಗಾರರಿಗೆ ಈ ಪದ ಚೆನ್ನಾಗಿ ಗೊತ್ತು. ನೋಂದಾಯಿತ ಸಂಘವು ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಸಮಿತಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಸಂಘದ ಲಾಭವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಸಂಘದ ವ್ಯವಹಾರದ ಬಗ್ಗೆ ವಿಚಾರಣೆ ನಡೆಸುವಂತೆ ಮೂರನೇ ಒಂದು ಭಾಗದಷ್ಟು ಸದಸ್ಯರು ಕೋರಬಹುದು.

ಬೈಲಾವನ್ನು ಹೆಚ್ಚಿನ ಸಂಘಗಳು ತಾವೇ ಬರೆಯುವುದಿಲ್ಲ. ಟೈಪಿಂಗ್ ಅಂಗಡಿಯಲ್ಲಿ ಮತ್ತೊಂದು ಸಂಘದ ಪ್ರತಿಯನ್ನು ತೆಗೆದು ಹೆಸರು ಬದಲಾಯಿಸಿ ಸಲ್ಲಿಸುತ್ತವೆ. ಅದರಲ್ಲಿ ಏನಿದೆ ಎಂಬುದು ಅಧ್ಯಕ್ಷರಿಗೂ ತಿಳಿದಿರುವುದಿಲ್ಲ. ಮಹಿಳಾ ಸಂಘದ ಪ್ರತಿಯನ್ನು ನಕಲು ಮಾಡಿದ ಕಬಡ್ಡಿ ಸಂಘದ ಉದ್ದೇಶಗಳಲ್ಲಿ ಉಪ್ಪಿನಕಾಯಿ ತಯಾರಿಕೆ ಸೇರಿಕೊಂಡರೆ ನಗುವುದಷ್ಟೇ ಉಳಿಯುತ್ತದೆ. ಆದರೆ ಸದಸ್ಯತ್ವದ ಕಲಮು ತಪ್ಪಾಗಿದ್ದರೆ ನಗುವಂತಿಲ್ಲ.

ದಿನನಿತ್ಯದ ನಿಯಮಗಳು ಬೈಲಾಕ್ಕಿಂತ ಬೇರೆ. ಹಣ ಯಾರು ಮುಟ್ಟಬೇಕು, ಮೈದಾನದ ಬೀಗ ಯಾರ ಬಳಿ, ಹೊರಊರಿನ ಪಂದ್ಯಕ್ಕೆ ಹೆಣ್ಣುಮಕ್ಕಳ ತಂಡದೊಡನೆ ಯಾರು ಹೋಗಬೇಕು ಎಂಬಂತಹ ವಿಷಯಗಳು ಬೈಲಾದಲ್ಲಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಇವನ್ನು ಸರ್ವಸದಸ್ಯರ ಸಭೆಯ ಠರಾವಿನ ಮೂಲಕ ಮಾಡಿಕೊಂಡು, ಬೈಲಾಕ್ಕೆ ವಿರುದ್ಧವಾಗದಂತೆ ನೋಡಿಕೊಂಡರೆ ಸಾಕು. ನೋಂದಣಿಯಾಗದ ಸಂಘವೂ ಇವನ್ನು ಮಾಡಿಕೊಳ್ಳಬಹುದು. ನೋಂದಣಿ ಆಗಿದೆಯೇ ಎಂದು ಮೊದಲು ಕೇಳಿ, ಆಗಿಲ್ಲವೆಂದ ಕೂಡಲೇ ಮಾತು ನಿಲ್ಲಿಸುವ ರೂಢಿ ನಮ್ಮ ಕಚೇರಿಗಳಲ್ಲಿದೆ. ನೋಂದಣಿ ಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಒಂದು ಸಭೆಯನ್ನೂ ನಡೆಸದ ಸಂಘಕ್ಕಿಂತ, ನೋಂದಣಿ ಇಲ್ಲದೆಯೂ ನಡವಳಿ ಪುಸ್ತಕ ಬರೆಯುವ ಸಂಘವು ಹೆಚ್ಚು ನಂಬಿಕೆಗೆ ಅರ್ಹವೆಂಬುದು ಈ ಲೇಖಕನ ಅಭಿಪ್ರಾಯ.

ಬರೆಯಬೇಕಾದವರು ಯಾರು?

ಸದಸ್ಯರೇ ಬರೆಯಬೇಕು. ಪಂಚಾಯಿತಿಯು ಬರೆದುಕೊಟ್ಟರೆ ಅದು ಪಂಚಾಯಿತಿಯ ನಿಯಮವಾಗುತ್ತದೆ. ಮುರಿದಾಗ ಮುರಿದದ್ದು ತಮ್ಮದನ್ನೇ ಎಂಬ ಸಂಕೋಚ ಯಾರಿಗೂ ಆಗುವುದಿಲ್ಲ.

ಮಲೆನಾಡಿನಲ್ಲಿ ಇದಕ್ಕೆ ತಕ್ಕ ಕಾಲವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನಗಳಲ್ಲಿ ನೀರು ನಿಂತಿರುತ್ತದೆ. ಆಟವಿಲ್ಲ, ಹಣದ ವ್ಯವಹಾರವಿಲ್ಲ, ಹೀಗಾಗಿ ಜಗಳವೂ ಇಲ್ಲ. ನಿಯಮ ರೂಪಿಸಲು ಜಗಳವಿಲ್ಲದ ಕಾಲವೇ ಸರಿಯಾದದ್ದು. ವಿವಾದ ಹುಟ್ಟಿದ ಮೇಲೆ ಬರೆದ ನಿಯಮದ ಪ್ರತಿ ಸಾಲಿನ ಹಿಂದೆಯೂ ಒಬ್ಬ ವ್ಯಕ್ತಿಯ ಮುಖ ಕಾಣಿಸುತ್ತದೆ. ಒಬ್ಬನನ್ನು ಹಣಿಯಲೆಂದೇ ಈ ಕಲಮು ಬಂತೆಂದು ಎಲ್ಲರೂ ಅರ್ಥ ಮಾಡಿಕೊಳ್ಳುತ್ತಾರೆ.

ಮೊದಲ ಸಭೆಯಲ್ಲಿ ನಿಯಮಗಳ ಮಾತೇ ಎತ್ತದಿರುವುದು ಲೇಸು. ಕಳೆದ ಎರಡು ಮೂರು ವರ್ಷಗಳಲ್ಲಿ ಯಾವ ವಿಷಯಕ್ಕೆ ಮನಸ್ತಾಪ ಬಂತು, ಏನು ಕಳೆದುಹೋಯಿತು, ಯಾರು ಬರುವುದನ್ನು ಬಿಟ್ಟರು ಎಂದು ಕೇಳಿ ಪಟ್ಟಿ ಮಾಡಬೇಕು. ನೆಟ್ ಕಳೆದಿದೆ, ಕಪ್‌ಗಳು ಹಳೆಯ ಕಾರ್ಯದರ್ಶಿಯ ಮನೆಯಲ್ಲಿವೆ, ಶಾಲೆಯ ಹುಡುಗಿಯರು ಬರುವುದು ನಿಂತಿದೆ, ತೀರ್ಪುಗಾರರ ಮೇಲೆ ಕೈ ಮಾಡಲಾಗಿತ್ತು. ಈ ಪಟ್ಟಿಯೇ ನಿಯಮಾವಳಿಯ ಪರಿವಿಡಿ. ಪಟ್ಟಿಯಲ್ಲಿ ಇಲ್ಲದ ವಿಷಯಕ್ಕೆ ನಿಯಮ ಬೇಕಾಗಿಲ್ಲ. ಕಾನೂನು ಕಡ್ಡಾಯಗೊಳಿಸಿದ ಕೆಲವು ವಿಷಯಗಳು ಮಾತ್ರ ಇದಕ್ಕೆ ಹೊರತು.

ಅನಂತರ ಮೂವರೋ ಐವರೋ ಕುಳಿತು ಕರಡು ಬರೆಯಲಿ. ಅವರಲ್ಲಿ ಪದಾಧಿಕಾರಿಯಲ್ಲದ ಒಬ್ಬ ಆಟಗಾರ, ಒಬ್ಬ ಮಹಿಳೆ ಮತ್ತು ಸಂಘದಿಂದ ದೂರವಾಗಿರುವ ಒಬ್ಬರು ಇರುವುದು ಅಗತ್ಯ. ಈ ಮೂರನೆಯವರನ್ನು ಕರೆಯುವುದು ಕಷ್ಟ, ಆದರೆ ಸಂಘದ ದೋಷವನ್ನು ಬಲ್ಲವರು ಅವರೇ. ಕರಡು ನಾಲ್ಕು ಪುಟ ಮೀರಬಾರದು. “ಸಮಿತಿಯು ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು” ಎಂಬಂತಹ ವಾಕ್ಯಗಳಿಗೆ ಅಲ್ಲಿ ಎಡೆ ಬೇಡ. ಯಾರು, ಏನು, ಎಷ್ಟು ದಿನದೊಳಗೆ ಎಂಬ ಮೂರೂ ಇಲ್ಲದ ವಾಕ್ಯ ನಿಯಮವಾಗಲಾರದು.

ಕರಡನ್ನು ಸರ್ವಸದಸ್ಯರ ಸಭೆಗೆ ಮುಂಚೆ ಕನಿಷ್ಠ ಹದಿನೈದು ದಿನ ಊರಿನ ನಾಲ್ಕು ಮಂದಿ ನಿಲ್ಲುವ ಕಡೆ, ಹಾಲಿನ ಡೈರಿಯಲ್ಲಿಯೋ ನ್ಯಾಯಬೆಲೆ ಅಂಗಡಿಯಲ್ಲಿಯೋ ಪಂಚಾಯಿತಿಯ ಅರಿವು ಕೇಂದ್ರದಲ್ಲಿಯೋ ಅಂಟಿಸಬೇಕು. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಸಾಲದು. ಗುಂಪಿನಲ್ಲಿ ಇರುವವರು ಈಗಾಗಲೇ ಒಳಗಿರುವವರು. ಸಭೆಯಲ್ಲಿ ಒಂದೊಂದೇ ಕಲಮನ್ನು ಓದಿ ಒಪ್ಪಿಗೆ ಪಡೆಯಬೇಕು. ಒಟ್ಟಿಗೆ ಚಪ್ಪಾಳೆ ತಟ್ಟಿಸಿ ಅಂಗೀಕರಿಸಿದ ನಿಯಮಾವಳಿಯನ್ನು ಯಾರೂ ಓದಿರುವುದಿಲ್ಲ.

ಸದಸ್ಯತ್ವದ ಕಲಮನ್ನು ಬರೆಯುವಾಗ ವಿಶೇಷ ಎಚ್ಚರ ಬೇಕು. ಪರಿಶಿಷ್ಟ ಜಾತಿಯ ಕೇರಿಯ ಹುಡುಗರು ತಂಡಕ್ಕೆ ಬೇಕಾಗುತ್ತಾರೆ, ಸಮಿತಿಗೆ ಬೇಕಾಗುವುದಿಲ್ಲ. ಇದು ಬಹಳ ಊರುಗಳಲ್ಲಿ ಕಾಣುವ, ಯಾರೂ ಬಾಯಿಬಿಟ್ಟು ಹೇಳದ ಸ್ಥಿತಿ. “ಸಮಿತಿಯು ಒಪ್ಪಿದವರಿಗೆ ಸದಸ್ಯತ್ವ” ಎಂಬ ಸಾಲು ಇದಕ್ಕೆ ಬಾಗಿಲು ತೆರೆಯುತ್ತದೆ. ಅದರ ಬದಲು, ಗ್ರಾಮದಲ್ಲಿ ವಾಸವಿರುವ 18 ವರ್ಷ ತುಂಬಿದ ಯಾರೇ ಆಗಲಿ ನಿಗದಿತ ಶುಲ್ಕ ಕಟ್ಟಿದರೆ ಸದಸ್ಯರು. ನಿರಾಕರಿಸುವುದಾದರೆ ಕಾರಣವನ್ನು ಬರೆದು ಕೊಡಬೇಕು, ಅದರ ವಿರುದ್ಧ ಸರ್ವಸದಸ್ಯರ ಸಭೆಗೆ ಮನವಿ ಮಾಡಿಕೊಳ್ಳಬಹುದು ಎಂದು ಬರೆಯತಕ್ಕದ್ದು. ಶುಲ್ಕವು ಕೂಲಿಯವರ ಮಕ್ಕಳೂ ಕಟ್ಟಬಹುದಾದಷ್ಟೇ ಇರಲಿ.

ಹಣ

ನಾಲ್ಕು ಸಾಲುಗಳಲ್ಲಿ ಮುಗಿಯುವ ನಿಯಮ ಇದು. ಸಂಘದ ಹೆಸರಿನಲ್ಲಿ ಬ್ಯಾಂಕ್ ಅಥವಾ ಸಹಕಾರ ಸಂಘದ ಖಾತೆ. ಇಬ್ಬರ ಜಂಟಿ ಸಹಿ. ಕ್ಯೂಆರ್ ಕೋಡ್ ಸಂಘದ ಖಾತೆಯದ್ದು ಮಾತ್ರ. ಪ್ರತಿ ರಶೀದಿಗೂ ಕ್ರಮಸಂಖ್ಯೆ, ಪ್ರತಿ ವೆಚ್ಚಕ್ಕೂ ವೋಚರ್. ಪಂದ್ಯಾವಳಿ ಮುಗಿದ ಹದಿನೈದು ದಿನದೊಳಗೆ ಜಮಾ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಸಾರ್ವಜನಿಕವಾಗಿ ಅಂಟಿಸಬೇಕು. ದೇಣಿಗೆ ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಹತ್ತು ಬಾರಿ ಕೂಗುವ ಸಂಘಗಳು, ಆ ದೇಣಿಗೆ ಏನಾಯಿತೆಂಬುದನ್ನು ಒಮ್ಮೆಯೂ ಹೇಳುವುದಿಲ್ಲ.

ನಗದಿನ ವಿಷಯದಲ್ಲಿ ಒಂದು ಮಾತು. ಸಣ್ಣ ವೆಚ್ಚಕ್ಕಾಗಿ ಖಜಾಂಚಿಯ ಕೈಯಲ್ಲಿ ಇರಬಹುದಾದ ಮೊತ್ತಕ್ಕೆ ಮಿತಿಯನ್ನು ಗೊತ್ತುಪಡಿಸಬೇಕು. ನೆಟ್, ಬಾಲು, ಕಂಬ, ಕಪ್, ಕುರ್ಚಿ ಇತ್ಯಾದಿಗಳಿಗೆ ದಾಸ್ತಾನು ಪುಸ್ತಕವಿದ್ದು, ಪದಾಧಿಕಾರಿಗಳು ಬದಲಾಗುವ ದಿನ ಹಳಬರು ಹೊಸಬರಿಗೆ ಎಣಿಸಿ ಒಪ್ಪಿಸಿ ಇಬ್ಬರೂ ಸಹಿ ಹಾಕಬೇಕು. ಕಪ್‌ಗಳು ಯಾರ ಮನೆಯ ಷೋಕೇಸಿನಲ್ಲಿವೆ ಎಂಬ ಜಗಳ ಅಂದಿಗೆ ಮುಗಿಯುತ್ತದೆ.

ಪದಾಧಿಕಾರಿಗಳ ಅವಧಿಯೂ ಹಣಕ್ಕೆ ಸಂಬಂಧಿಸಿದ್ದೇ. ಒಬ್ಬರೇ ಹನ್ನೆರಡು ವರ್ಷ ಕಾರ್ಯದರ್ಶಿಯಾಗಿರುವುದು ಅವರ ಅಧಿಕಾರದಾಹದಿಂದಲ್ಲ. ಬೇರೆ ಯಾರೂ ಮುಂದೆ ಬಾರದಿರುವುದರಿಂದ. ಆದರೂ ಒಂದು ಹುದ್ದೆಯಲ್ಲಿ ಸತತ ಎರಡು ಅವಧಿಗೆ ಮಿತಿ ಹಾಕುವುದು ಒಳ್ಳೆಯದು. ಹಾಗೆ ಮಾಡಿದರೆ ಎರಡನೆಯ ಅವಧಿಯಲ್ಲಿಯೇ ಮುಂದಿನವರನ್ನು ತಯಾರು ಮಾಡಬೇಕಾಗುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಊರಿನ ಆಸಕ್ತರು ಕಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು, ಅಂದರೆ ನೀನಾಸಮ್ ಅನ್ನು ಗಮನಿಸಿರಿ. 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಎಂದು ಅದು ಒಂದೊಂದು ಕೆಲಸಕ್ಕೆ ಒಂದೊಂದು ವ್ಯವಸ್ಥೆಯನ್ನು ಕಟ್ಟಿಕೊಂಡಿತು. ಅದರ ಚೇತನವಾಗಿದ್ದ ಕೆ. ವಿ. ಸುಬ್ಬಣ್ಣನವರು 2005ರಲ್ಲಿ ನಿಧನರಾದರು. ಸಂಸ್ಥೆಯ ಕೆಲಸ ಇಂದಿಗೂ ನಡೆಯುತ್ತಿದೆ. ಊರಿನ ಯುವಕ ಸಂಘವು ನೀನಾಸಮ್ ಆಗಬೇಕಾಗಿಲ್ಲ. ಆದರೆ ಒಬ್ಬ ಕಾರ್ಯದರ್ಶಿ ಊರು ಬಿಟ್ಟ ಮರುವರ್ಷವೂ ಅಲ್ಲಿ ಪಂದ್ಯ ನಡೆಯುವಂತಿರಬೇಕು.

ಮೈದಾನ ಯಾರದು?

ಪಂಚಾಯಿತಿ ಸದಸ್ಯರಿಗೆ ಅತ್ಯಂತ ನೇರವಾಗಿ ಸಂಬಂಧಿಸಿದ ಭಾಗ ಇದು. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಸಾಂಸ್ಕೃತಿಕ ಚಟುವಟಿಕೆಗಳೂ ಸಾಮುದಾಯಿಕ ಆಸ್ತಿಗಳ ನಿರ್ವಹಣೆಯೂ ಸೇರಿವೆ. ಮೈದಾನವೂ ಸಮುದಾಯ ಭವನವೂ ಸಾಮುದಾಯಿಕ ಆಸ್ತಿಗಳೇ.

ಮೊದಲು ಪಹಣಿಯನ್ನು ತೆಗೆದು ನೋಡತಕ್ಕದ್ದು. ಮಲೆನಾಡಿನಲ್ಲಿ ‘ನಮ್ಮ ಮೈದಾನ’ ಎಂದು ಕರೆಯುವ ಜಾಗ ಸರ್ಕಾರಿ ಶಾಲೆಯದ್ದಾಗಿರಬಹುದು, ಗೋಮಾಳವಾಗಿರಬಹುದು, ಸೊಪ್ಪಿನಬೆಟ್ಟವಾಗಿರಬಹುದು, ಅರಣ್ಯವೂ ಆಗಿರಬಹುದು. ಕಾಗದದಲ್ಲಿ ಯಾರದೆಂಬುದನ್ನು ಅವಲಂಬಿಸಿ ಅನುಮತಿ ಕೊಡುವವರು ಬದಲಾಗುತ್ತಾರೆ. ಶಾಲೆಯ ಮೈದಾನವಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಹಾಗೂ ಮುಖ್ಯೋಪಾಧ್ಯಾಯರನ್ನು ಕೇಳಬೇಕು. ಅರಣ್ಯವಾದರೆ ಜೆಸಿಬಿ ತಂದು ನೆಲ ಸಮ ಮಾಡಿಸುವ ಠರಾವನ್ನು ಪಂಚಾಯಿತಿ ಅಂಗೀಕರಿಸುವಂತಿಲ್ಲ; ಅರಣ್ಯ ಸಂರಕ್ಷಣೆಯ 1980ರ ಕಾಯ್ದೆಯು ಅಲ್ಲಿಗೆ ಅನ್ವಯಿಸುತ್ತದೆ. ಒಳ್ಳೆಯ ಉದ್ದೇಶದಿಂದ ಕೈಹಾಕಿದ ಹುಡುಗರ ಮೇಲೆ ಮೊಕದ್ದಮೆ ಬೀಳದಂತೆ ತಡೆಯುವುದು ಹಿರಿಯರ ಕರ್ತವ್ಯ.

ಪಂಚಾಯಿತಿಯದ್ದೇ ಜಾಗವಾಗಿದ್ದಲ್ಲಿ, ಯಾವ ಸಂಘಕ್ಕೂ ಅದನ್ನು ಶಾಶ್ವತವಾಗಿ ವಹಿಸಿಕೊಡಬಾರದು. ಬಳಕೆಯ ಅನುಮತಿ ಮಾತ್ರ ಕೊಡಬೇಕು, ಅದೂ ಒಂದು ವರ್ಷಕ್ಕೆ. ಮೈದಾನಕ್ಕೆ ಸಂಘವು ಶ್ರಮದಾನ ಮಾಡಿದೆ, ಬೇಲಿ ಹಾಕಿಸಿದೆ ಎಂಬುದು ನಿಜವಾಗಿರಬಹುದು. ಅದಕ್ಕೆ ಕೃತಜ್ಞತೆ ಸಲ್ಲುತ್ತದೆ, ಒಡೆತನ ಸಲ್ಲುವುದಿಲ್ಲ. ವಾರದ ಪಟ್ಟಿಯೊಂದನ್ನು ಮಾಡಿ ಅದರಲ್ಲಿ ಶಾಲಾ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಸಂಘವಿಲ್ಲದ ಹುಡುಗರಿಗೆ ಸಮಯ ಗೊತ್ತುಪಡಿಸಬೇಕು. ಸಂಜೆ ಐದರಿಂದ ಏಳರ ಹೊತ್ತನ್ನು ಬಲಿಷ್ಠ ತಂಡವೊಂದು ಪೂರ್ತಿ ಹಿಡಿದುಕೊಂಡರೆ, ಪಟ್ಟಿಯಲ್ಲಿ ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಎರಡು ಗಂಟೆಯ ಬಿಸಿಲು ಮಾತ್ರ ಉಳಿಯುತ್ತದೆ.

ಹೆಣ್ಣುಮಕ್ಕಳು, ಮಕ್ಕಳು

ಸಂಘದ ಇತರ ನಿಯಮಗಳನ್ನು ಬೇಕಾದರೆ ಮುಂದಿನ ವರ್ಷಕ್ಕೆ ಇಡಬಹುದು. ಈ ವಿಷಯದಲ್ಲಿ ಹಾಗೆ ಮಾಡಲಾಗದು.

18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದ ಯಾರೇ ಆಗಲಿ ಪೊಲೀಸರಿಗೆ ವರದಿ ಮಾಡಲೇಬೇಕೆಂದು ಪೋಕ್ಸೋ ಕಾಯ್ದೆ, 2012 ವಿಧಿಸುತ್ತದೆ. ವರದಿ ಮಾಡದಿರುವುದೂ ಅಪರಾಧ. “ಊರಿನ ಮರ್ಯಾದೆ, ಹುಡುಗಿಯ ಭವಿಷ್ಯ” ಎಂದು ಪಂಚಾಯಿತಿಕಟ್ಟೆಯಲ್ಲಿ ರಾಜಿ ಮಾಡಿಸಲು ಸಂಘದ ಅಧ್ಯಕ್ಷರಿಗೂ ಅಧಿಕಾರವಿಲ್ಲ, ಪಂಚಾಯಿತಿ ಸದಸ್ಯರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಮೈದಾನದಲ್ಲಿ ಬರೆಸುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು.

ವಯಸ್ಕ ಮಹಿಳೆಯರ ವಿಷಯದಲ್ಲಿ 2013ರ ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ಕೆಲಸದ ಸ್ಥಳವೆಂದರೆ ಕಚೇರಿ ಮಾತ್ರವೆಂದು ಭಾವಿಸಬಾರದು. ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯ ನಡೆಯುವ ಜಾಗ ಇವೆಲ್ಲವೂ ಆ ಕಾಯ್ದೆಯ ವ್ಯಾಖ್ಯೆಯೊಳಗಿವೆ. ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರೂ ಅದರ ರಕ್ಷಣೆಗೆ ಒಳಪಡುತ್ತಾರೆ. ಹತ್ತಕ್ಕಿಂತ ಕಡಿಮೆ ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಕಡ್ಡಾಯವಲ್ಲ. ಅಂತಹ ಕಡೆಯ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. 2023ರಲ್ಲಿ ದೇಶದ ಹೆಸರಾಂತ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತಾಗ, ಕ್ರೀಡಾ ಒಕ್ಕೂಟಗಳಲ್ಲಿ ದೂರು ಕೇಳುವ ಸರಿಯಾದ ಸಮಿತಿಗಳ ಕೊರತೆ ದೇಶದೆಲ್ಲೆಡೆ ಚರ್ಚೆಗೆ ಬಂದಿತು. ಒಲಿಂಪಿಕ್ ಪದಕ ಗೆದ್ದವರೇ ದೂರಿಗಾಗಿ ರಸ್ತೆಗೆ ಬರಬೇಕಾಯಿತೆಂದರೆ, ನಮ್ಮೂರಿನ ಒಂಬತ್ತನೇ ತರಗತಿಯ ಹುಡುಗಿ ಯಾರ ಬಳಿಗೆ ಹೋಗಬೇಕು?

ಅದಕ್ಕೆ ಸಂಘದ ನಿಯಮಾವಳಿಯಲ್ಲಿ ಸ್ಪಷ್ಟವಾದ ಉತ್ತರ ಇರಬೇಕು. ಪದಾಧಿಕಾರಿಗಳಿಗೆ ಸಂಬಂಧಿಕರಲ್ಲದ ಒಬ್ಬ ಮಹಿಳೆಯನ್ನು, ಉದಾಹರಣೆಗೆ ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಶಿಕ್ಷಕಿಯನ್ನೋ ಅವರ ಒಪ್ಪಿಗೆಯಿಂದ ಹೆಸರಿಸಬೇಕು. ಹೊರಊರಿಗೆ ಹೆಣ್ಣುಮಕ್ಕಳ ತಂಡ ಹೋಗುವಾಗ ಜೊತೆಗೆ ಮಹಿಳೆಯೊಬ್ಬರು ಇರಲೇಬೇಕು, ಪೋಷಕರ ಲಿಖಿತ ಒಪ್ಪಿಗೆ ಬೇಕು, ಕತ್ತಲಾಗುವ ಮೊದಲು ಮರಳುವ ವ್ಯವಸ್ಥೆ ಇರಬೇಕು. ತರಬೇತುದಾರನು ಒಂದು ಮಗುವನ್ನು ಒಂಟಿಯಾಗಿ ಬೈಕಿನಲ್ಲಿ ಕರೆದೊಯ್ಯಬಾರದು. ಈ ಕೊನೆಯ ನಿಯಮಕ್ಕೆ ಅತಿ ಹೆಚ್ಚು ವಿರೋಧ ಬರುತ್ತದೆ. ಬಸ್ಸಿನ ಸೌಕರ್ಯವಿಲ್ಲದ ಊರುಗಳಲ್ಲಿ ಮಕ್ಕಳನ್ನು ಮನೆಗೆ ಬಿಟ್ಟುಬರುವುದು ಉಪಕಾರವೇ ಹೌದು. ಹಾಗಿರುವಾಗ ಇಬ್ಬರು ಮಕ್ಕಳನ್ನು ಒಟ್ಟಿಗೆ ಕಳುಹಿಸುವುದೋ, ಪೋಷಕರೇ ಸರದಿಯ ಮೇಲೆ ಬರುವುದೋ ಎಂಬುದನ್ನು ಪೋಷಕರ ಸಭೆಯಲ್ಲಿ ಕುಳಿತು ತೀರ್ಮಾನಿಸಬೇಕು, ನಿಯಮವನ್ನೇ ಕೈಬಿಡಬಾರದು. ಉಡುಪು ಬದಲಾಯಿಸಲು ಮರೆ ಮತ್ತು ಶೌಚಾಲಯ ಇಲ್ಲದ ಮೈದಾನದಲ್ಲಿ ಹೆಣ್ಣುಮಕ್ಕಳ ಪಂದ್ಯ ಏರ್ಪಡಿಸುವ ಮೊದಲು ಪಂಚಾಯಿತಿಯು ತನ್ನ ಕರ್ತವ್ಯವನ್ನೂ ನೆನೆಯಬೇಕಾಗುತ್ತದೆ.

ಪಂದ್ಯಾವಳಿಯ ದಿನ

ಇದನ್ನು ಚಿಕ್ಕದಾಗಿ ಹೇಳಬಹುದು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಇದು 2000ದ ಶಬ್ದಮಾಲಿನ್ಯ ನಿಯಮಗಳ ವಿಧಿ. ವಿದ್ಯುತ್ತಿಗೆ ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು, ಕಂಬಕ್ಕೆ ಕೊಕ್ಕೆ ಹಾಕುವುದು ಪ್ರಾಣಕ್ಕೆ ಎರವಾದೀತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಆಸ್ಪತ್ರೆಗೆ ಒಯ್ಯಲು ಚಾಲಕ ಸಹಿತ ಒಂದು ವಾಹನ ಮೈದಾನದಲ್ಲಿಯೇ ಇರಬೇಕು. ಕುಡಿದು ಬಂದ ಆಟಗಾರನನ್ನು ಕಣಕ್ಕೆ ಇಳಿಸಬಾರದು, ಅವನು ಎಷ್ಟೇ ಒಳ್ಳೆಯ ಸ್ಮ್ಯಾಷರ್ ಆಗಿರಲಿ.

ಅಡಿಕೆ ಮರದ ದಬ್ಬೆ ಕಟ್ಟಿ ಮಾಡುವ ತಾತ್ಕಾಲಿಕ ಗ್ಯಾಲರಿಗಳ ಬಗ್ಗೆ ಮಾತ್ರ ವಿಶೇಷವಾಗಿ ಎಚ್ಚರಿಸಬೇಕಾಗಿದೆ. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿ ಪಂದ್ಯಾವಳಿಯ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಪ್ರೇಕ್ಷಕರು ಗಾಯಗೊಂಡರು. ರಾಷ್ಟ್ರಮಟ್ಟದ ಪಂದ್ಯದಲ್ಲಿಯೇ ಹೀಗಾಗಿದೆ. ಗ್ರಾಮಮಟ್ಟದ ಪಂದ್ಯಗಳಲ್ಲಿ ಜನರನ್ನು ನೆಲದ ಮೇಲೆಯೇ ಕೂರಿಸುವುದು ಸುರಕ್ಷಿತ. 18ರಿಂದ 70 ವರ್ಷದೊಳಗಿನ ಸದಸ್ಯರು ಬ್ಯಾಂಕಿನ ಮೂಲಕ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಟ್ಟಿ, ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದಲ್ಲಿ 2 ಲಕ್ಷ ರೂಪಾಯಿವರೆಗಿನ ವಿಮೆ ಪಡೆಯಬಹುದು. ಸದಸ್ಯತ್ವ ನವೀಕರಿಸುವಾಗಲೇ ಇದನ್ನು ಕೇಳಿ ಬರೆದುಕೊಳ್ಳುವುದು ಒಳ್ಳೆಯ ಪದ್ಧತಿ.

ಜಾರಿಗೆ ತರುವಾಗ

ಎಲ್ಲ ನಿಯಮಗಳನ್ನೂ ಒಂದೇ ದಿನ ಜಾರಿಗೆ ತರಲು ಹೋದ ಸಂಘ ಒಂದನ್ನೂ ಜಾರಿಗೆ ತರುವುದಿಲ್ಲ. ಮಕ್ಕಳ ರಕ್ಷಣೆ ಮತ್ತು ಹಣದ ನಿಯಮ ತಕ್ಷಣದಿಂದ. ಮೈದಾನದ ಪಟ್ಟಿ ಮಳೆ ಕಳೆದ ಮೇಲೆ. ಪದಾಧಿಕಾರಿಗಳ ಅವಧಿ ಮುಂದಿನ ಚುನಾವಣೆಯಿಂದ. ಹೀಗೆ ದಿನಾಂಕಗಳನ್ನು ನಿಯಮಾವಳಿಯಲ್ಲಿಯೇ ಬರೆಯಬೇಕು.

ಮೊದಲ ಉಲ್ಲಂಘನೆ ಸಾಮಾನ್ಯವಾಗಿ ಸಂಘಕ್ಕೆ ಅತಿ ಬೇಕಾದವರಿಂದಲೇ ಆಗುತ್ತದೆ. ಉತ್ತಮ ಆಟಗಾರ ತೀರ್ಪುಗಾರರನ್ನು ನಿಂದಿಸುತ್ತಾನೆ. ಹೆಚ್ಚು ದೇಣಿಗೆ ಕೊಟ್ಟವರ ಮಗ ಪಟ್ಟಿ ಮೀರಿ ಮೈದಾನ ಬಳಸುತ್ತಾನೆ. ಆ ದಿನ ಸಂಘ ಏನು ಮಾಡುತ್ತದೆ ಎಂಬುದನ್ನು ಊರು ನೋಡುತ್ತಿರುತ್ತದೆ. ಆದ್ದರಿಂದ ಶಿಸ್ತಿನ ಕ್ರಮಗಳು ಮೃದುವಾಗಿರಲಿ, ಆದರೆ ಎಲ್ಲರಿಗೂ ಅನ್ವಯವಾಗಲಿ: ಮೊದಲು ಮಾತಿನ ಎಚ್ಚರಿಕೆ, ಅನಂತರ ಲಿಖಿತ ಎಚ್ಚರಿಕೆ, ಆಮೇಲೆ ಒಂದು ಪಂದ್ಯಾವಳಿಯಿಂದ ಹೊರಗೆ. ಆಜೀವ ಬಹಿಷ್ಕಾರದಂತಹ ಮಾತುಗಳು ಯಾವ ಸಂಘದ ನಿಯಮಾವಳಿಯಲ್ಲಿಯೂ ಇರಕೂಡದು. ಊರಿನಲ್ಲಿ ಬಹಿಷ್ಕಾರವೆಂಬ ಪದಕ್ಕೆ ಕೆಟ್ಟ ಚರಿತ್ರೆಯಿದೆ. ಆಪಾದಿತನ ಮಾತು ಕೇಳದೆ ಯಾವ ಕ್ರಮವನ್ನೂ ಕೈಗೊಳ್ಳಬಾರದು. ದೂರು ಕೊಟ್ಟವರು ಅಥವಾ ಆಪಾದಿತನ ಸಂಬಂಧಿಕರು ಆ ದಿನ ಸಮಿತಿಯಲ್ಲಿ ಕುಳಿತುಕೊಳ್ಳಬಾರದು. ಮಕ್ಕಳ ಹಾಗೂ ಮಹಿಳೆಯರ ಮೇಲಿನ ಅಪರಾಧಗಳಿಗೆ ಈ ಶ್ರೇಣಿ ಅನ್ವಯಿಸುವುದಿಲ್ಲ, ಅವು ಕಾನೂನಿನ ದಾರಿಯನ್ನೇ ಹಿಡಿಯಬೇಕು.

ಒಂದು ವರ್ಷ ನಡೆಸಿದ ಮೇಲೆ, ಮುಂದಿನ ಮಳೆಗಾಲದ ಸಭೆಯಲ್ಲಿ ನಿಯಮಾವಳಿಯನ್ನು ಮತ್ತೆ ಓದಿ, ಯಾರೂ ಪಾಲಿಸದ ಕಲಮುಗಳನ್ನು ತೆಗೆದುಹಾಕತಕ್ಕದ್ದು. ಪಾಲಿಸದ ನಿಯಮವೊಂದನ್ನು ಉಳಿಸಿಕೊಂಡರೆ ಉಳಿದವೂ ಅದರ ದಾರಿಯನ್ನೇ ಹಿಡಿಯುತ್ತವೆ.

ಸದಸ್ಯರೇ ಸಂಘದ ಪದಾಧಿಕಾರಿಯಾಗಿದ್ದಲ್ಲಿ

ಇದು ಮುಜುಗರದ ವಿಷಯವಾದರೂ ಹೇಳದೆ ವಿಧಿಯಿಲ್ಲ. ನಮ್ಮ ಊರುಗಳಲ್ಲಿ ಯುವಕ ಸಂಘದ ಅಧ್ಯಕ್ಷರು, ಗಣಪತಿ ಸಮಿತಿಯ ಖಜಾಂಚಿ, ಪಂಚಾಯಿತಿ ಸದಸ್ಯರು ಒಬ್ಬರೇ ಆಗಿರುವುದುಂಟು. ತಪ್ಪೇನೂ ಅಲ್ಲ. ಆದರೆ ತಮ್ಮ ಸಂಘಕ್ಕೆ ಮೈದಾನದ ಅನುಮತಿಯೋ ನೆರವೋ ಪಂಚಾಯಿತಿಯ ಸಭೆಯ ಮುಂದೆ ಬಂದಾಗ, ತಾವು ಆ ಸಂಘದ ಪದಾಧಿಕಾರಿ ಎಂಬುದನ್ನು ತಾವಾಗಿಯೇ ತಿಳಿಸಿ, ಆ ವಿಷಯದ ಚರ್ಚೆಯಿಂದಲೂ ಮತದಿಂದಲೂ ಹೊರಗುಳಿದು, ಅದನ್ನು ನಡವಳಿಯಲ್ಲಿ ದಾಖಲಿಸುವಂತೆ ಅಭಿವೃದ್ಧಿ ಅಧಿಕಾರಿಯವರನ್ನು ಕೋರತಕ್ಕದ್ದು. ಹಾಗೆ ಎದ್ದು ಹೊರಗೆ ಹೋದ ಸದಸ್ಯರ ಸಂಘಕ್ಕೆ ಸಿಕ್ಕ ಅನುಮತಿಯನ್ನು ಮರುದಿನ ಎದುರು ಗುಂಪಿನವರು ಪ್ರಶ್ನಿಸುವುದು ಕಷ್ಟವಾಗುತ್ತದೆ.

ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಯ ವಿಷಯಸೂಚಿಯಲ್ಲಿ ಸೇರಿಸಲು ಅನುಕೂಲವಾಗುವಂತೆ ಠರಾವಿನ ಮಾದರಿಯೊಂದನ್ನು ಕೆಳಗೆ ಕೊಡಲಾಗಿದೆ. ಸ್ಥಳೀಯ ಸ್ಥಿತಿಗೆ ತಕ್ಕಂತೆ ತಿದ್ದಿಕೊಳ್ಳಬಹುದು.

“ಗ್ರಾಮ ಪಂಚಾಯಿತಿಯ ಒಡೆತನದ ಮೈದಾನ ಹಾಗೂ ಸಮುದಾಯ ಭವನವನ್ನು ಬಳಸಲು ಕೋರುವ ಯಾವುದೇ ಸಂಘವು, ನೋಂದಣಿಯಾಗಿರಲಿ ಇಲ್ಲದಿರಲಿ, ತನ್ನ ಸರ್ವಸದಸ್ಯರ ಸಭೆಯಲ್ಲಿ ಅಂಗೀಕರಿಸಿದ ನಿಯಮಾವಳಿಯ ಪ್ರತಿ, ಹಿಂದಿನ ಕಾರ್ಯಕ್ರಮದ ಜಮಾ ಖರ್ಚಿನ ಹಾಳೆ ಹಾಗೂ ಮಕ್ಕಳ ಮತ್ತು ಮಹಿಳೆಯರ ದೂರು ಸ್ವೀಕರಿಸುವವರ ಹೆಸರನ್ನು ಅರ್ಜಿಯೊಂದಿಗೆ ಸಲ್ಲಿಸತಕ್ಕದ್ದು. ಅನುಮತಿಯು ಒಂದು ವರ್ಷಕ್ಕೆ ಮಾತ್ರ ಸೀಮಿತವಾಗಿದ್ದು, ವಾರದ ಬಳಕೆಯ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಿ ಹೇಳತಕ್ಕದ್ದು. ಪ್ರಥಮ ವರ್ಷದಲ್ಲಿ ಇವುಗಳನ್ನು ಒದಗಿಸಲು ಸಂಘಗಳಿಗೆ ಅಕ್ಟೋಬರ್ 31ರವರೆಗೆ ಕಾಲಾವಕಾಶ ನೀಡಲಾಗಿದೆ. ನಿಯಮಾವಳಿ ಬರೆಯಲು ನೆರವು ಬೇಕಾದ ಸಂಘಗಳಿಗೆ ಪಂಚಾಯಿತಿಯ ಸಭಾಂಗಣವನ್ನು ಭಾನುವಾರಗಳಂದು ಉಚಿತವಾಗಿ ನೀಡಲು ತೀರ್ಮಾನಿಸಲಾಯಿತು.”